ಮಾಂಟ್ರೆಸರ್ ನಿಜಕ್ಕೂ ಗೆದ್ದನಾ? ಪೋ ಕಥೆಯ ಬಗ್ಗೆ ನನ್ನ ತಕರಾರು

ಎಲ್ಲರಿಗೂ ನಮಸ್ಕಾರ. ಸೇಡಿನ ಕಥೆಗಳ ಮಾತು ಬಂದಾಗ ಎಡ್ಗರ್ ಅಲನ್ ಪೋ ಬರೆದ ‘ದಿ ಕ್ಯಾಸ್ಕ್ ಆಫ್ ಅಮೊಂಟಿಲ್ಲಾಡೊ’ ಹೆಸರು ಬಂದೇ ಬರುತ್ತದೆ. ಸೇಡು ತೀರಿಸಿಕೊಂಡರೆ ಹೀಗೆ ತೀರಿಸಿಕೊಳ್ಳಬೇಕು, ಕೊಂದವನು ಸಿಕ್ಕಿಬೀಳಲೇ ಇಲ್ಲ ನೋಡಿ ಅಂತ ಹೇಳುವವರೇ ಜಾಸ್ತಿ. ನಾನು ಇದನ್ನು ಒಪ್ಪುವುದಿಲ್ಲ. ಈ ಕಥೆಯಲ್ಲಿ ಕೊಂದವನಾದ ಮಾಂಟ್ರೆಸರ್ ಸೋತಿದ್ದಾನೆ. ಅದೂ ತಾನೇ ಹಾಕಿಕೊಂಡ ನಿಯಮದ ಪ್ರಕಾರ.

ಓದದವರಿಗಾಗಿ ಚಿಕ್ಕದಾಗಿ ಹೇಳಿಬಿಡುತ್ತೇನೆ. 1846ರ ನವೆಂಬರ್‌ನಲ್ಲಿ ಅಮೆರಿಕದ ‘ಗೋಡೀಸ್ ಲೇಡೀಸ್ ಬುಕ್’ ಅನ್ನುವ ಮಾಸಪತ್ರಿಕೆಯಲ್ಲಿ ಬಂದ ಕಥೆ ಇದು. ನಡೆಯುವುದು ಇಟಲಿಯಲ್ಲಿ, ಕಾರ್ನಿವಲ್ ಹಬ್ಬದ ಒಂದು ಸಂಜೆ. ಊರಿನ ಹೆಸರಿಲ್ಲ. ಕಥೆ ಹೇಳುವವನು ಮಾಂಟ್ರೆಸರ್, ಅವನಿಗೆ ಫಾರ್ಚುನಾಟೊ ಮೇಲೆ ಹಗೆ. ಸ್ಪೇನ್‌ನ ಅಪರೂಪದ ವೈನ್ ಆದ ಅಮೊಂಟಿಲ್ಲಾಡೊ ಒಂದು ಪೀಪಾಯಿ ಸಿಕ್ಕಿದೆ, ಅಸಲಿಯೋ ಅಲ್ಲವೋ ಅನುಮಾನ ಅನ್ನುತ್ತಾನೆ. ವೈನ್ ರುಚಿ ನೋಡುವುದರಲ್ಲಿ ತನ್ನನ್ನು ಬಿಟ್ಟರಿಲ್ಲ ಅಂದುಕೊಂಡಿರುವ ಫಾರ್ಚುನಾಟೊ ತಾನೇ ಮುಂದಾಗಿ ಹೊರಡುತ್ತಾನೆ. ಮನೆಯ ಕೆಳಗೆ, ಪೂರ್ವಜರ ಮೂಳೆಗಳಿರುವ ಸುರಂಗದ ಕೊನೆಯಲ್ಲಿ ಅವನನ್ನು ಸರಪಳಿಗೆ ಕಟ್ಟಿ, ಎದುರಿಗೆ ಕಲ್ಲಿನ ಗೋಡೆ ಕಟ್ಟಿಬಿಡುತ್ತಾನೆ ಮಾಂಟ್ರೆಸರ್. ಇಷ್ಟೇ ಕಥೆ.

ಗಮನಿಸಿ, ಕಥೆಯ ಮೊದಲ ಪ್ಯಾರಾದಲ್ಲೇ ಸೇಡಿನ ಮಾತು ಬರುತ್ತದೆ. ಏನಾಗುತ್ತದೆ ಅನ್ನುವ ಗುಟ್ಟನ್ನು ಪೋ ಇಟ್ಟುಕೊಂಡೇ ಇಲ್ಲ. ಹಾಗಿದ್ದರೂ ಎದೆ ಯಾಕೆ ಹೊಡೆದುಕೊಳ್ಳುತ್ತದೆ? ನಮಗೆ ಗೊತ್ತು, ಫಾರ್ಚುನಾಟೊಗೆ ಗೊತ್ತಿಲ್ಲ. ಅವನಿಗೆ ಯಾವಾಗ ಗೊತ್ತಾಗುತ್ತದೆ ಅಂತಲೇ ನಾವು ಪ್ರತಿ ಹೆಜ್ಜೆಗೂ ಕಾಯುತ್ತೇವೆ. ವಾಪಸ್ ಹೋಗಲು ಅವನಿಗೆ ಅವಕಾಶ ಸಿಗುತ್ತಲೇ ಇರುತ್ತದೆ. ಅದೂ ಕೊಲ್ಲುವವನ ಬಾಯಿಂದಲೇ! ಗೋಡೆಗಳ ಮೇಲೆಲ್ಲಾ ಪೆಟ್ಲುಪ್ಪು, ಫಾರ್ಚುನಾಟೊಗೆ ಕೆಮ್ಮು ನಿಲ್ಲುತ್ತಿಲ್ಲ. ‘ನಡಿ, ಹಿಂದಕ್ಕೆ ಹೋಗೋಣ, ನಿನ್ನ ಆರೋಗ್ಯ ಮುಖ್ಯ, ಬೇಕಿದ್ದರೆ ಲುಕೇಸಿಯನ್ನು ಕೇಳುತ್ತೇನೆ’ ಅನ್ನುತ್ತಾನೆ ಮಾಂಟ್ರೆಸರ್. ಲುಕೇಸಿ ಅಂದರೆ ವೈನ್ ರುಚಿ ನೋಡಬಲ್ಲ ಇನ್ನೊಬ್ಬ; ಅವನ ಹೆಸರು ಕೇಳಿದರೆ ಸಾಕು, ಫಾರ್ಚುನಾಟೊ ಇನ್ನೂ ಒಳಕ್ಕೆ ನುಗ್ಗುತ್ತಾನೆ. ತಡೆಯುವ ಮಾತೇ ಗಾಳ ಆಗಿದೆ.

ನನ್ನನ್ನು ಕಾಡುವುದು ಇನ್ನೊಂದು ವಿಷಯ. ಪೀಪಾಯಿಯ ಸುಳ್ಳೊಂದನ್ನು ಬಿಟ್ಟರೆ, ಆ ಸುರಂಗದಲ್ಲಿ ಮಾಂಟ್ರೆಸರ್ ಬಹುಪಾಲು ನಿಜವನ್ನೇ ಹೇಳುತ್ತಾನೆ. ‘ನಾನೇನು ಕೆಮ್ಮಿನಿಂದ ಸಾಯಲ್ಲ’ ಅಂತ ಫಾರ್ಚುನಾಟೊ ಅಂದರೆ ‘ನಿಜ, ನಿಜ’ ಅನ್ನುತ್ತಾನೆ. ತನ್ನ ಮನೆತನದ ಲಾಂಛನವನ್ನೂ ಮುಚ್ಚಿಡುವುದಿಲ್ಲ: ಹಾವನ್ನು ತುಳಿಯುತ್ತಿರುವ ದೊಡ್ಡ ಚಿನ್ನದ ಪಾದ, ಹಿಮ್ಮಡಿಗೆ ಕಚ್ಚಿಕೊಂಡ ಆ ಹಾವು, ಜೊತೆಗೆ ನನ್ನನ್ನು ಕೆಣಕಿದವನು ಶಿಕ್ಷೆಯಿಲ್ಲದೆ ಉಳಿಯಲಾರ ಅನ್ನುವ ಧ್ಯೇಯವಾಕ್ಯ. ಫಾರ್ಚುನಾಟೊ ಅದನ್ನು ಕೇಳಿ ‘ಚೆನ್ನಾಗಿದೆ’ ಅನ್ನುತ್ತಾನೆ. ಆಮೇಲೆ, ನೀನು ಫ್ರೀಮೇಸನ್ ಸಂಘದವನಾ, ಗುರುತು ತೋರಿಸು ಅಂತ ಕೇಳುತ್ತಾನೆ. ಗಾರೆ ಕೆಲಸದ ಸಲಕರಣೆಗಳನ್ನೇ ಗುರುತಾಗಿ ಇಟ್ಟುಕೊಂಡ ಸಂಘ ಅದು. ಮಾಂಟ್ರೆಸರ್ ನಿಲುವಂಗಿಯೊಳಗಿಂದ ಕರಣೆ ತೆಗೆದು ತೋರಿಸುತ್ತಾನೆ. ಇನ್ನು ಸ್ವಲ್ಪ ಹೊತ್ತಿಗೆ ಗೋಡೆ ಕಟ್ಟಲು ಹಿಡಿಯುವ ಅದೇ ಕರಣೆ! ಇದಕ್ಕಿಂತ ಬಿಚ್ಚಿ ಹೇಳುವುದಕ್ಕಾಗುತ್ತದಾ? ಆದರೂ ಆ ಎರಡನೇ ಅರ್ಥ ತಲುಪುವುದು ನಮಗೆ ಮಾತ್ರ. ಕೊಲೆಗಾರ ಮತ್ತು ಓದುಗ ಸೇರಿ ಒಂದು ಗುಟ್ಟನ್ನು ಹಂಚಿಕೊಂಡ ಹಾಗಾಗುತ್ತದೆ. ಆ ಕಸಿವಿಸಿಯೇ ಈ ಕಥೆಯ ಜೀವ.

ಈಗ ಅವನ ನಿಯಮಕ್ಕೆ ಬರೋಣ. ಸೇಡು ಸೇಡಾಗಬೇಕಾದರೆ ಎರಡು ಷರತ್ತು ಅಂತ ಮಾಂಟ್ರೆಸರ್ ಶುರುವಿನಲ್ಲೇ ಹೇಳುತ್ತಾನೆ. ಒಂದು, ತೀರಿಸಿಕೊಂಡವನಿಗೆ ಶಿಕ್ಷೆ ಆಗಬಾರದು. ಎರಡು, ಇದು ಸೇಡು ಅಂತ ತಪ್ಪು ಮಾಡಿದವನಿಗೆ ತಿಳಿಯಬೇಕು. ಮೊದಲನೆಯದು ಸರಿ, 50 ವರ್ಷ ಯಾರೂ ಆ ಗೋಡೆ ಮುಟ್ಟಿಲ್ಲ. ಎರಡನೆಯದು? ಆ ಸುರಂಗದ ಉದ್ದಕ್ಕೂ ಮಾಂಟ್ರೆಸರ್ ‘ನೀನು ನನಗೆ ಇಂಥದ್ದು ಮಾಡಿದೆ’ ಅಂತ ಒಂದು ಸಲವೂ ಹೇಳುವುದಿಲ್ಲ. ಫಾರ್ಚುನಾಟೊ ಸಾವಿರ ಸಲ ನೋಯಿಸಿದ, ಕೊನೆಗೆ ಅವಮಾನ ಮಾಡಿದ ಅನ್ನುತ್ತಾನೆ. ಯಾವ ಅವಮಾನ ಅಂತ ನಮಗೂ ಹೇಳುವುದಿಲ್ಲ. ಸರಪಳಿ ಬಿದ್ದ ಮೇಲೂ ಫಾರ್ಚುನಾಟೊ ಕೇಳುವುದು ‘ಅಮೊಂಟಿಲ್ಲಾಡೊ!’ ಅಂತ. ಗೋಡೆ ಇನ್ನೇನು ಮುಗಿಯಬೇಕು, ಆಗ ನಕ್ಕು, ಒಳ್ಳೇ ತಮಾಷೆ ಇದು, ಮನೆಗೆ ಹೋಗಿ ನಗೋಣ, ನನ್ನ ಹೆಂಡತಿ ಕಾಯುತ್ತಿರುತ್ತಾಳೆ ಅನ್ನುತ್ತಾನೆ.

ದೇವರ ಮೇಲಿನ ಪ್ರೀತಿಗಾದರೂ ಬಿಡು ಅಂತ ಫಾರ್ಚುನಾಟೊ ಮಾಂಟ್ರೆಸರ್ ಹೆಸರು ಹಿಡಿದು ಕೂಗುವಾಗ ಅವನಿಗೆ ಎಲ್ಲಾ ಅರ್ಥವಾಯಿತು ಅನ್ನುವವರಿದ್ದಾರೆ. ಸಾಯುತ್ತಿದ್ದೇನೆ, ಇವನ ಕೈಯಿಂದಲೇ ಸಾಯುತ್ತಿದ್ದೇನೆ ಅಂತ ಅರ್ಥವಾಗಿದೆ, ಖಂಡಿತ. ಯಾತಕ್ಕೆ ಅನ್ನುವುದು? ಅದಕ್ಕೆ ಕಥೆಯಲ್ಲಿ ಒಂದೇ ಒಂದು ಮಾತೂ ಇಲ್ಲ.

ಮಾಂಟ್ರೆಸರ್‌ಗೂ ಆ ಉತ್ತರ ಬೇಕಾಗಿತ್ತು ಅಂತ ನನಗನ್ನಿಸುತ್ತದೆ. ಕಡೇ ಕಲ್ಲು ಇಡುವ ಮೊದಲು ‘ಫಾರ್ಚುನಾಟೊ!’ ಅಂತ ಕರೆಯುತ್ತಾನೆ. ಉತ್ತರ ಇಲ್ಲ. ಮತ್ತೆ ಕರೆಯುತ್ತಾನೆ. ಉಳಿದ ಸಂದಿಯಲ್ಲಿ ಪಂಜು ತೂರಿಸುತ್ತಾನೆ. ಕಾರ್ನಿವಲ್ ವೇಷದ ಟೋಪಿಯ ಗೆಜ್ಜೆ ಸದ್ದು ಮಾತ್ರ ಬರುತ್ತದೆ. ಎದೆ ಹಿಂಡಿದಂತಾಯಿತು ಅನ್ನುತ್ತಾನೆ, ತಕ್ಷಣ ಅದು ಸುರಂಗದ ತೇವಕ್ಕೆ ಅಂತ ಸೇರಿಸುತ್ತಾನೆ. ಅಷ್ಟು ಹೊತ್ತು ಪ್ರತಿ ಮಾತಿನ ಎರಡರ್ಥವೂ ಅವನ ಹಿಡಿತದಲ್ಲಿತ್ತು. ಇಲ್ಲಿ ಮೊದಲ ಬಾರಿ ಅವನ ಮಾತಿನಲ್ಲೇ ಅವನಿಗೆ ಕಾಣದ ಅರ್ಥವೊಂದು ನಮಗೆ ಕಾಣುತ್ತದೆ. ಈ ಸಾಲಿಗಾಗಿಯೇ ಪೋ ನನಗೆ ದೊಡ್ಡ ಕಥೆಗಾರ.

ಇದು ಪೋ ತನ್ನ ವೈರಿಗಳ ಮೇಲೆ ತೀರಿಸಿಕೊಂಡ ಸೇಡು ಅಂತಲೂ ಕೆಲವರು ಓದುತ್ತಾರೆ. ಅದೇ ವರ್ಷ ಲೇಖಕ ಥಾಮಸ್ ಡನ್ ಇಂಗ್ಲಿಷ್ ಜೊತೆ ಅವನಿಗೆ ಪತ್ರಿಕೆಗಳಲ್ಲೇ ಜಗಳ ಆಗಿತ್ತು. ಆ ಲೇಖಕನ ಬರಹ ಛಾಪಿಸಿದ ಪತ್ರಿಕೆಯ ಮೇಲೆ ಪೋ ಮಾನಹಾನಿ ಕೇಸ್ ಹಾಕಿ, 1847ರಲ್ಲಿ ಗೆದ್ದ. ಸರಿ, ಸಿಟ್ಟು ಅಲ್ಲಿಂದಲೇ ಬಂದಿರಬಹುದು. ಆದರೆ ಸುಮ್ನೆ ಸಿಟ್ಟು ಕಾರಲು ಬರೆಯುವವನು ಕೊಲೆಗಾರನ ಎದೆಯನ್ನು ಕೊನೆಯಲ್ಲಿ ಹೀಗೆ ಹಿಂಡುತ್ತಿರಲಿಲ್ಲ. ಅರ್ಧ ಶತಮಾನ ಕಳೆದ ಮೇಲೂ, ಅವನ ಆತ್ಮವನ್ನು ಬಲ್ಲ ಯಾರ ಮುಂದೆಯೋ ಅವನನ್ನು ಕೂರಿಸಿ, ಕೆಮ್ಮಿನ ಸದ್ದಿನಿಂದ ಹಿಡಿದು ಕಲ್ಲಿನ ಸಾಲುಗಳ ಲೆಕ್ಕದವರೆಗೆ ಎಲ್ಲವನ್ನೂ ಹೇಳಿಸುತ್ತಿರಲಿಲ್ಲ. ಗೆದ್ದು ಮರೆತವನು ಹೀಗೆ ಹೇಳಿಕೊಳ್ಳುವುದಿಲ್ಲ, ಅಲ್ವಾ? ಯಾರಿಗೆ ಹೇಳಬೇಕಿತ್ತೋ ಅವನಿಗೆ ಕಾರಣ ಹೇಳಲಿಲ್ಲ. ಉಳಿದಿರುವುದು ನಾವು. ನಮಗೂ ಅವನು ಕಾರಣ ಬಿಟ್ಟು ಮಿಕ್ಕಿದ್ದೆಲ್ಲಾ ಹೇಳುತ್ತಾನೆ.