ಆ ಫೈಲನ್ನು ಒಮ್ಮೆ ಓದಿಸಿ ಕೇಳಿದ್ದೀರಾ?

ಎಲ್ಲರಿಗೂ ನಮಸ್ಕಾರ. ಹಾಲ್ ತುಂಬಿದೆ ಅಂತ ಈಗಷ್ಟೇ ಹೇಳಿದರು. ನನಗಂತೂ ಕಾಣುವುದಿಲ್ಲ, ಕೆಮ್ಮು ಕೇಳಿ ಅಂದಾಜು ಮಾಡುತ್ತೇನೆ. ಹಿಂದಿನ ಸಾಲಿನಲ್ಲೇ ಜಾಸ್ತಿ ಜನ ಇದ್ದೀರಿ, ಅಲ್ವಾ?

ನೀವೆಲ್ಲ ಹೈಸ್ಕೂಲು, ಪಿಯು ಕಾಲೇಜಿನ ಮೇಷ್ಟ್ರುಗಳು, ಮೇಡಮ್ಮುಗಳು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ, ಅದರಲ್ಲಿರುವ 21 ಬಗೆಯ ಅಂಗವೈಕಲ್ಯ, ಇದೆಲ್ಲ ತರಬೇತಿಗಳಲ್ಲಿ ಕೇಳಿ ಕೇಳಿ ಸಾಕಾಗಿರುತ್ತದೆ. ಅದನ್ನು ಮತ್ತೆ ಹೇಳಲ್ಲ. ನನ್ನದು ಒಂದೇ ಪ್ರಶ್ನೆ. ನೀವು ಮಕ್ಕಳಿಗೆ ಕಳಿಸುವ ನೋಟ್ಸನ್ನು ಒಮ್ಮೆಯಾದರೂ ಕಂಪ್ಯೂಟರ್ ಕೈಲಿ ಓದಿಸಿ ಕೇಳಿದ್ದೀರಾ?

ಯಾಕೆ ಕೇಳುತ್ತೇನೆ ಅಂದರೆ, ನನಗೆ ಗೊತ್ತಿರುವ ಒಬ್ಬ ಹುಡುಗ ಇದ್ದಾನೆ. ಪೂರ್ತಿ ಕಾಣುವುದಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಸರ್ಕಾರದ, ಫೈಲನ್ನು ಗಟ್ಟಿಯಾಗಿ ಓದಿ ಹೇಳುವ ಟಾಕಿಂಗ್ ಲ್ಯಾಪ್‌ಟಾಪ್ ತಗೊಂಡು ಖುಷಿಯಾಗಿ ಪಿಯುಸಿ ಸೇರಿದ. ಅವನ ಇತಿಹಾಸದ ಮೇಷ್ಟ್ರು ಒಳ್ಳೆಯವರು. ರಾತ್ರಿ ಕೂತು ತಾವೇ ಟೈಪ್ ಮಾಡಿ ಹೊಯ್ಸಳರ ನೋಟ್ಸನ್ನು ವಾಟ್ಸ್ಯಾಪ್‌ಗೆ ಹಾಕಿದರು. ಹುಡುಗ ತೆರೆದ. ಲ್ಯಾಪ್‌ಟಾಪ್ ಶುರು ಮಾಡಿತು: ಪಿ, ಎ, ಪೌಂಡ್, ಎ, ಕ್ಯೂ. ಹೊಯ್ಸಳರೂ ಇಲ್ಲ, ಬೇಲೂರೂ ಇಲ್ಲ, ಬರೀ ಪೌಂಡ್. ವೈರಸ್ ಬಂದಿದೆ ಅಂತ ಹೆದರಿ ನನಗೆ ಫೋನ್ ಮಾಡಿದ.

ವೈರಸ್ ಅಲ್ಲ, ನುಡಿ, ಕನ್ನಡ ಟೈಪ್ ಮಾಡುವ ತಂತ್ರಾಂಶ. ಅಂದರೆ ನುಡಿಯ ಹಳೆಯ ಆಸ್ಕಿ ಫಾಂಟ್. ಬೈಯುತ್ತಿಲ್ಲ, ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವುದೇ ದೊಡ್ಡ ಸಾಹಸವಾಗಿದ್ದ ಕಾಲದಲ್ಲಿ ನಮ್ಮನ್ನೆಲ್ಲ ಕಾಪಾಡಿದ್ದು ಅದೇ. ಆದರೆ ಅದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುತ್ತದೆ. ‘ಕನ್ನಡ’ ಅಂತ ಹೊಡೆದರೆ ಫೈಲಿನ ಒಳಗೆ ಇರುವುದು ಒಂದು ಪಿ, ತಲೆಯ ಮೇಲೆ ಗೆರೆ ಇರುವ ಎ, ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಹೀಗೆ. ಡಬ್ಬಿಯ ಮೇಲೆ ಸಕ್ಕರೆ ಅಂತ ಬರೆದು ಒಳಗೆ ಉಪ್ಪು ತುಂಬಿದ ಹಾಗೆ. ಕಣ್ಣಿರುವವರು ಮೇಲಿನ ಚೀಟಿ ಓದುತ್ತೀರಿ, ನಮ್ಮ ಲ್ಯಾಪ್‌ಟಾಪ್ ಒಳಗಿನ ರುಚಿ ನೋಡುತ್ತದೆ.

ಹುಡುಗ ಏನು ಮಾಡಿದ ಗೊತ್ತಾ? ಅಮ್ಮನಿಗೆ ಮೊಬೈಲ್ ಕೊಟ್ಟು ಜೋರಾಗಿ ಓದಿಸಿ ರೆಕಾರ್ಡ್ ಮಾಡಿಕೊಂಡ. ಆ ತಾಯಿ ಓದಿದ್ದು ನಾಲ್ಕನೇ ಕ್ಲಾಸು. ಅಡುಗೆ ಮಾಡುತ್ತಲೇ ಓದಿದ್ದಾರೆ. ವಿಷ್ಣುವರ್ಧನ ತಲಕಾಡು ಗೆಲ್ಲುವ ಹೊತ್ತಿಗೆ ಸರಿಯಾಗಿ ಕುಕ್ಕರ್ ಸೀಟಿ ಹೊಡೆಯುತ್ತದೆ, ನಾನು ಕೇಳಿದ್ದೇನೆ. ಇತ್ತ ಕ್ಲಾಸಿನಲ್ಲಿ ಸುದ್ದಿ ಹಬ್ಬಿ, ಪಾಪ, ಮೇಷ್ಟ್ರಿಗೆ ‘ಪೌಂಡ್ ಸರ್’ ಅಂತ ಹೆಸರು ಬಿತ್ತು. ಅವರೇ ಫೋನ್ ಮಾಡಿದರು. “ನನ್ನ ಸ್ಕ್ರೀನ್ ಮೇಲೆ ಚೆನ್ನಾಗಿ ಕನ್ನಡವೇ ಕಾಣ್ತಿದೆಯಲ್ಲ ಸಾರ್!” ಕಾಣುತ್ತದೆ ಸ್ವಾಮಿ, ಅದೇ ತೊಂದರೆ.

ಪರಿಹಾರ ದೊಡ್ಡದಲ್ಲ. ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಅದರಲ್ಲಿ ಕನ್ನಡದ ಅಕ್ಷರಕ್ಕೆ ಕನ್ನಡದ್ದೇ ಜಾಗ, ಡಬ್ಬಿಯ ಒಳಗೂ ಸಕ್ಕರೆಯೇ. ಹೊಸ ನುಡಿಯಲ್ಲೇ ಆಗುತ್ತದೆ, ನಿಮ್ಮ ಮೊಬೈಲ್ ಕೀಬೋರ್ಡು ಮಾಡುವುದೂ ಅದನ್ನೇ. ಹಳೆಯ ಫೈಲುಗಳಿಗೆ ಉಚಿತ ಪರಿವರ್ತಕಗಳಿವೆ. ಪರಿವರ್ತನೆ ಆದ ಮೇಲೆ ಒಮ್ಮೆ ಕಣ್ಣಾಡಿಸಿ, ಮಧ್ಯೆ ಇಂಗ್ಲಿಷ್ ಪದ ಇದ್ದರೆ ಅದು ಕಲಸುಮೇಲೋಗರ ಆಗಿರುತ್ತದೆ. ಓದಿಸಿ ನೋಡಲು, ತೆರೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ ಎನ್‌ವಿಡಿಎ ಇದೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರು ಮಾಡಿದ್ದು, ಅವರೂ ನನ್ನ ಹಾಗೆ ಕಾಣದವರು. ಒಂದು ಪೈಸೆ ಕೊಡಬೇಕಿಲ್ಲ, ಕನ್ನಡವನ್ನೂ ಓದುತ್ತದೆ. ದನಿ ಸ್ವಲ್ಪ ಯಂತ್ರದ್ದು. ನಮಗೆ ಅಭ್ಯಾಸವಾಗಿದೆ, ನೀವು ಮೊದಲ ಸಲ ಕೇಳಿದರೆ ನಗುತ್ತೀರಿ.

ಇನ್ನು ಕೆಲವರು ಪುಸ್ತಕದ ಪುಟದ ಫೋಟೋ ಹೊಡೆದು ಪಿಡಿಎಫ್ ಮಾಡಿ ಕಳಿಸುತ್ತೀರಿ. ಅದು ಬರೀ ಚಿತ್ರ. ಎನ್‌ವಿಡಿಎ ಸುಮ್ನೆ ಕೂತುಬಿಡುತ್ತದೆ. ಚಿತ್ರದಿಂದ ಅಕ್ಷರ ತೆಗೆಯುವ ಓಸಿಆರ್ ಈಗ ಕನ್ನಡಕ್ಕೂ ಇದೆ, ಅಚ್ಚು ಚೆನ್ನಾಗಿದ್ದರೆ ಪರವಾಗಿಲ್ಲ. ನಿಮ್ಮ ಕೈಬರಹಕ್ಕೆ ಮಾತ್ರ ಅದು ಕೈಮುಗಿಯುತ್ತದೆ. ಪ್ರಕಾಶಕರು ಕೇಸು ಹಾಕುತ್ತಾರೆ ಅಂತ ಭಯ ಬೇಡ. 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದಿದ್ದಾರೆ, ನಮ್ಮಂಥವರಿಗೆ ಓದಲಾಗುವ ರೂಪಕ್ಕೆ ಪುಸ್ತಕವನ್ನು ಬದಲಿಸಬಹುದು. ಇದೇ ವಿಷಯದ ಅಂತಾರಾಷ್ಟ್ರೀಯ ಮರಕೇಶ್ ಒಪ್ಪಂದಕ್ಕೆ 2014ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಣ ಕೊಟ್ಟ ದೇಶ ನಮ್ಮದೇ. ಕಾನೂನಿನಲ್ಲಿ ನಾವು ಮುಂದೆ, ಫಾಂಟಿನಲ್ಲಿ ಹಿಂದೆ.

ಕಂಪ್ಯೂಟರ್ ಬಂತಲ್ಲ, ಬ್ರೈಲ್ ಯಾಕೆ ಅಂತ ಕೇಳುವವರಿದ್ದಾರೆ. ನನಗೆ ಸಿಟ್ಟು ಬರುತ್ತದೆ. ಬರೀ ಕೇಳಿ ಕಲಿತ ಮಗುವಿಗೆ ಎಲ್ಲಿ ಮಹಾಪ್ರಾಣ, ಎಲ್ಲಿ ಒತ್ತು ಅಂತ ಗೊತ್ತಾಗುವುದು ಹೇಗೆ? ಕೈಗೆ ಸಿಕ್ಕಿದಾಗಲೇ ಕಾಗುಣಿತ ತಲೆಗೆ ಹತ್ತುವುದು. ಗದಗಿನ ಪುಟ್ಟರಾಜ ಗವಾಯಿಗಳು ಅಷ್ಟೆಲ್ಲ ಸಂಗೀತವನ್ನು ಕಿವಿಯಿಂದಲೇ ಕಲಿತರೂ ಬ್ರೈಲ್ ಬಿಡಲಿಲ್ಲ. ಮತ್ತೆ, ಬ್ರೈಲ್ ಈಗ ಪೂರ್ತಿ ಕೈಯಿಂದಲೇ ಚುಚ್ಚಬೇಕು ಅಂತಿಲ್ಲ. ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಅದಕ್ಕೆ ಏನು ಬೇಕು ಹೇಳಿ ನೋಡೋಣ? ಹಾಂ, ಯುನಿಕೋಡ್ ಫೈಲು.

ಯಾರೋ ಈಗ ನನ್ನ ಕೈಗೆ ಒಂದು ಚೀಟಿ ಇಟ್ಟರು. ಟೈಮ್ ಆಯ್ತು ಅಂತ ಇರಬೇಕು. ಮುಟ್ಟಿ ನೋಡಿದೆ, ಬ್ರೈಲ್ ಅಂತೂ ಅಲ್ಲ. ಇಷ್ಟು ಹೊತ್ತು ನಾನು ಹೇಳಿದ್ದು ಸಂಘಟಕರಿಗೇ ತಲುಪಿಲ್ಲ.

ಸರಿ, ಬೇಗ ಹೇಳುತ್ತೇನೆ. ಕಿವಿ ಕೇಳದ ಮಕ್ಕಳು. ಶ್ರವಣ ಸಾಧನ ಹಾಕಿಬಿಟ್ಟರೆ ಮುಗಿಯಿತು ಅಂದುಕೊಳ್ಳುತ್ತೀರಿ. ಅದು ನಿಮ್ಮ ಮಾತಿನ ಜೊತೆಗೆ ಫ್ಯಾನನ್ನೂ, ಬೆಂಚು ಎಳೆಯುವ ಸದ್ದನ್ನೂ ದೊಡ್ಡದು ಮಾಡುತ್ತದೆ. ನಿಮ್ಮ ಕಾಲರಿಗೆ ಒಂದು ಸಣ್ಣ ಮೈಕು, ಮಗುವಿನ ಕಿವಿಗೆ ಅದರ ರಿಸೀವರ್, ಇದಕ್ಕೆ ಎಫ್‌ಎಂ ವ್ಯವಸ್ಥೆ ಅನ್ನುತ್ತಾರೆ. ಕೊಟ್ಟರೆ ಹಾಕಿಕೊಳ್ಳಿ. “ನನ್ನ ಗಂಟಲು ದೊಡ್ಡದು, ಬೇಡ” ಅನ್ನಬೇಡಿ. ಗಂಟಲು ಎಷ್ಟೇ ದೊಡ್ಡದಿದ್ದರೂ ಕೊನೆಯ ಬೆಂಚಿನ ದೂರ ಅಷ್ಟೇ ಇರುತ್ತದೆ. ಬೋರ್ಡಿಗೆ ಮುಖ ಮಾಡಿ ಮಾತಾಡಬೇಡಿ, ತುಟಿ ನೋಡಿ ತಿಳಿಯುವ ಮಕ್ಕಳಿರುತ್ತಾರೆ. ಹೆಚ್ಚಿನದು ಬೇಕಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯವರನ್ನು ಕೇಳಿ, ಅವರು 1965ರಿಂದ ಇದೇ ಕೆಲಸದಲ್ಲಿದ್ದಾರೆ.

ಪರೀಕ್ಷೆ, ಹೇಳಿದ್ದನ್ನು ಬರೆದುಕೊಡುವ ಸ್ಕ್ರೈಬ್, ಗಂಟೆಗೆ 20 ನಿಮಿಷ ಹೆಚ್ಚಿನ ಸಮಯ, ಇದರ ಬಗ್ಗೆ ತಯಾರಾಗಿ ಬಂದಿದ್ದೆ. ಕೈಕಾಲು ಹಿಡಿತಕ್ಕೆ ಸಿಗದ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಕೀಬೋರ್ಡ್ ಬಗ್ಗೆಯೂ. ಇವತ್ತು ಆಗಲ್ಲ. ಓದಲು ತಡವರಿಸುವ ಡಿಸ್ಲೆಕ್ಸಿಯಾ ಮಕ್ಕಳ ಬಗ್ಗೆ ಒಂದು ಮಾತು. ಅವರಿಗೂ ಕೇಳಿಸಿಕೊಂಡು ಓದುವುದು ಆಸರೆ, ಅದಕ್ಕೂ ಬೇಕಾದದ್ದು ಅದೇ ಯುನಿಕೋಡ್ ಫೈಲು. ಇನ್ನು ಆ ಪದ ಎತ್ತಲ್ಲ.

ಊಟ ಆದ ಮೇಲೆ ಇಲ್ಲಿಯ ಕಂಪ್ಯೂಟರ್ ಲ್ಯಾಬಿನಲ್ಲಿ ಕೂತಿರುತ್ತೇನೆ, ನನ್ನ ಲ್ಯಾಪ್‌ಟಾಪ್ ಜೊತೆಗೆ. ನಿಮ್ಮ ಪೆನ್ ಡ್ರೈವ್ ತನ್ನಿ, ಓದಿಸಿ ಕೇಳೋಣ. ಬರುವ ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾತ್ರ ತರಬೇಡಿ, ಅದು ಜೋರಾಗಿ ಓದಿಬಿಡುತ್ತದೆ. ಹೋದ ವರ್ಷದ್ದು ಸಾಕು.