ಮನೆಗೊಂದು ಡ್ರಿಲ್ ಮೆಷಿನ್

ಕೇಳುಗರಿಗೆ ನಮಸ್ಕಾರ.

ಮಳೆಗಾಲ ಮುಗಿಯಿತು ಅನ್ನುವಷ್ಟರಲ್ಲಿ ಕೊಡಗಿನ ಮನೆಗಳಲ್ಲಿ ರಿಪೇರಿ ಕೆಲಸ ಸಾಲುಗಟ್ಟಿ ನಿಂತಿರುತ್ತದೆ. ಉಬ್ಬಿದ ಬಾಗಿಲು, ಅಲ್ಲಾಡುವ ಚಿಲಕ, ತುಕ್ಕು ಹಿಡಿದು ಬಿದ್ದುಹೋದ ಬಟ್ಟೆ ಹಗ್ಗದ ಕೊಕ್ಕೆ. ಇಷ್ಟು ಚಿಕ್ಕ ಕೆಲಸಕ್ಕೆ ಬರುವ ಆಚಾರಿಗಳು ಈಗ ಕಡಿಮೆ. ಹಾಗಾಗಿ ಒಂದು ಡ್ರಿಲ್ ಮೆಷಿನ್ ತರೋಣ ಅಂತ ಬಹಳ ಮಂದಿಗೆ ಅನ್ನಿಸುತ್ತದೆ. ತನ್ನಿ. ಆದರೆ ಕುಶಾಲನಗರಕ್ಕೋ ಗೋಣಿಕೊಪ್ಪಕ್ಕೋ ಹೊರಡುವ ಮೊದಲು ನಿಮ್ಮ ಗೋಡೆಯನ್ನೊಮ್ಮೆ ತಟ್ಟಿ ನೋಡಿ.

ಹಳೇ ಮನೆಯ ಮಣ್ಣಿನ ಗೋಡೆಗೆ ಸಾಧಾರಣ ಡ್ರಿಲ್ ಸಾಕು. ಒಳಗೆ ಟೊಳ್ಳಿಲ್ಲದ ಸಿಮೆಂಟ್ ಬ್ಲಾಕಿನ ಗೋಡೆಗೆ ಇಂಪ್ಯಾಕ್ಟ್ ಡ್ರಿಲ್ ಬೇಕು. ಅದು ತಿರುಗುತ್ತಲೇ ಮುಂದಕ್ಕೆ ಸಣ್ಣ ಸಣ್ಣ ಏಟು ಹಾಕುತ್ತದೆ. ತಾರಸಿ, ಬೀಮು, ಪಿಲ್ಲರ್ ಕೊರೆಯಲು ಇದರಿಂದ ಸುಲಭಕ್ಕೆ ಆಗುವುದಿಲ್ಲ, ಅದಕ್ಕೆ ರೋಟರಿ ಹ್ಯಾಮರ್ ಅನ್ನುವ ಭಾರದ ಮೆಷಿನ್ ಇದೆ. ಅದನ್ನು ಕೊಳ್ಳಬೇಡಿ. ವರ್ಷಕ್ಕೊಮ್ಮೆ ಬೇಕಾದರೆ ಬಾಡಿಗೆಗೆ ತನ್ನಿ, ಇಲ್ಲ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ.

ಮನೆಗೆ ನಾನು ಹೇಳುವುದು ವೈರ್ ಇರುವ, 13 ಮಿಲಿಮೀಟರ್ ಚಕ್‌ನ, 500ರಿಂದ 650 ವ್ಯಾಟ್‌ನ ಇಂಪ್ಯಾಕ್ಟ್ ಡ್ರಿಲ್. ಚಕ್ ಅಂದರೆ ಬಿಟ್ಟನ್ನು, ಅಂದರೆ ಕೊರೆಯುವ ಕಡ್ಡಿಯನ್ನು, ಹಿಡಿದುಕೊಳ್ಳುವ ಬಾಯಿ. ಸುಮಾರು 2,000ದಿಂದ 3,500 ರೂಪಾಯಿಯ ಒಳಗೆ ಒಳ್ಳೆಯದೇ ಸಿಗುತ್ತದೆ. ಅದರಲ್ಲಿ ಮೂರು ಅನುಕೂಲ ಇರಲೇಬೇಕು. ಗುಂಡಿ ಒತ್ತಿದಷ್ಟಕ್ಕೆ ವೇಗ ಹೆಚ್ಚುಕಡಿಮೆ ಆಗಬೇಕು, ಹಿಂದಕ್ಕೂ ತಿರುಗಬೇಕು, ಇಂಪ್ಯಾಕ್ಟ್ ಬಂದ್ ಮಾಡಲು ಬರಬೇಕು. ಈ ಮೂರನೆಯದು ನಮ್ಮಲ್ಲಿ ಬಹಳ ಮುಖ್ಯ. ಹಳೇ ಹಲಸು, ಹೊನ್ನೆ ಮರಕ್ಕೆ ಏಟು ಕೊಟ್ಟು ಕೊರೆಯಬಾರದು. ಮೊದಲು ಸಣ್ಣ ಬಿಟ್‌ನಲ್ಲಿ ದಾರಿ ಮಾಡಿ, ಆಮೇಲೆ ಸ್ಕ್ರೂ ಹಾಕಬೇಕು. ಇಲ್ಲದಿದ್ದರೆ ಸ್ಕ್ರೂವಿನ ತಲೆಯೇ ಮುರಿದು ಕೈಗೆ ಬರುತ್ತದೆ.

ಟೊಳ್ಳು ಬ್ಲಾಕಿನ ಗೋಡೆಯದ್ದು ಇನ್ನೊಂದು ಕಥೆ. ಗರ್ ಅಂತ ಹೋಗುತ್ತಿದ್ದ ಬಿಟ್ ಒಮ್ಮೆಲೇ ಒಳಗೆ ಜಾರುತ್ತದೆ. ಅಲ್ಲಿ ಏಟು ಜಾಸ್ತಿಯಾದರೆ ಒಳಗಡೆ ಚಕ್ಕೆ ಎದ್ದು ತೂತು ಅಗಲವಾಗುತ್ತದೆ, ಸ್ಕ್ರೂ ಹಿಡಿಯಲು ತೂತಿಗೆ ತುರುಕುವ ಪ್ಲಾಸ್ಟಿಕ್ ಪ್ಲಗ್ ಕೂರದೆ ಸುಮ್ನೆ ತಿರುಗುತ್ತದೆ. ಇಂಪ್ಯಾಕ್ಟ್ ನಿಲ್ಲಿಸಿ ನಿಧಾನಕ್ಕೆ ಕೊರೆಯಿರಿ. 6 ಮಿಲಿಮೀಟರ್ ಪ್ಲಗ್‌ಗೆ 6ರದ್ದೇ ಬಿಟ್. ಎಷ್ಟು ಆಳ ಬೇಕೋ ಅಲ್ಲಿಗೆ ಬಿಟ್‌ನ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿದರೆ ಅಳತೆ ತಪ್ಪುವುದಿಲ್ಲ. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ ಕೆಳಗೆ ಮಾತ್ರ ಕೊರೆಯಲೇಬೇಡಿ, ಒಳಗೆ ವೈರ್ ಹೋಗಿರುತ್ತದೆ.

ನೂರಾರು ಬಿಟ್‌ಗಳ ಪೆಟ್ಟಿಗೆ ಜೊತೆಗೇ ಬರುತ್ತದೆ ಅಂತ ಆಸೆ ತೋರಿಸುತ್ತಾರೆ. ಅದರಲ್ಲಿ ಅರ್ಧಕ್ಕರ್ಧ ಎರಡು ಗೋಡೆ ನೋಡುವ ಹೊತ್ತಿಗೆ ಮೊಂಡಾಗಿರುತ್ತವೆ. ಕಾರ್ಬೈಡ್ ಅನ್ನುವ ಬಹಳ ಗಟ್ಟಿ ವಸ್ತುವಿನ ತುದಿಯ ಒಳ್ಳೆ ಗೋಡೆ ಬಿಟ್ ನಾಲ್ಕು, ಮರಕ್ಕೆ ಮೂರು, ಕಬ್ಬಿಣಕ್ಕೆ ಎರಡು. ಬಿಡಿಯಾಗಿ ಕೊಂಡರೆ ಅದೇ ಲಾಭ.

ಬ್ಯಾಟರಿಯದ್ದು ಬೇಡವಾ? ಮಳೆಗಾಲದಲ್ಲಿ ಕರೆಂಟ್ ಹೋಗಿ ದಿನಗಟ್ಟಲೆ ಬರದ ನಮ್ಮ ಕಡೆ ಆ ಆಸೆ ಸಹಜ ಅಲ್ವಾ? ತೋಟದ ಗೇಟು, ಬೇಲಿ ಕೆಲಸ ಹೆಚ್ಚಿದ್ದರೆ ಅದೇ ಸರಿ. ಪೆಟ್ಟಿಗೆಯ ಮೇಲಿನ ಅಂಕಿ ನೋಡಿ ಮಾತ್ರ ಮೋಸ ಹೋಗಬೇಡಿ. 18 ವೋಲ್ಟ್, 20 ವೋಲ್ಟ್ ಮ್ಯಾಕ್ಸ್ ಅನ್ನುವ ಎರಡರಲ್ಲೂ ಇರುವುದು ಅದೇ ಐದು ಸೆಲ್‌ಗಳ ಸಾಲು. ಪೂರ್ತಿ ಚಾರ್ಜ್ ಆದ ಕ್ಷಣದ ವೋಲ್ಟೇಜ್ ಹೇಳಿದರೆ 20, ಸರಾಸರಿ ಹೇಳಿದರೆ 18. ಇನ್ನು ವರ್ಷಕ್ಕೆ ನಾಲ್ಕು ಸಲ ಹೊರಗೆ ತೆಗೆಯುವವರಿಗೆ ಬ್ಯಾಟರಿ ಮಲಗಿಯೇ ಹಾಳು. ಹೊಸದು ಕೊಳ್ಳಲು ಹೋದರೆ ಅದರ ಬೆಲೆ ಕೇಳಿ ಮೆಷಿನ್ನೇ ಬೇಡ ಅನ್ನಿಸುತ್ತದೆ.

ವೈರ್ ಇರುವುದಕ್ಕೂ ಒಂದು ಮಾತು. ಬಲ್ಬ್ ಮಂಕಾಗಿ ಉರಿಯುತ್ತಿದ್ದರೆ ಆ ಹೊತ್ತು ಕೆಲಸ ಬಿಡಿ. ಲೋ ವೋಲ್ಟೇಜಿನಲ್ಲಿ ಒತ್ತಿ ಕೊರೆದರೆ ಮೋಟಾರ್ ಸುಡುತ್ತದೆ. ಎಕ್ಸ್‌ಟೆನ್ಷನ್ ವೈರ್ ದಪ್ಪದ್ದಿರಲಿ, ಸುರುಳಿ ಪೂರ್ತಿ ಬಿಚ್ಚಿರಲಿ. ಎರಡೇ ಪಿನ್ ಇದೆ ಅಂತ ಗಾಬರಿ ಬೇಡ. ಚೌಕದೊಳಗೊಂದು ಚೌಕದ ಗುರುತಿದ್ದರೆ ಅದು ಡಬಲ್ ಇನ್ಸುಲೇಷನ್, ಅಂದರೆ ಕರೆಂಟ್ ಕೈಗೆ ಬರದಂತೆ ಎರಡು ಪದರದ ರಕ್ಷಣೆ, ಅರ್ಥಿಂಗ್ ಇಲ್ಲದೆಯೂ ನಡೆಯುತ್ತದೆ. ಹಾಗಂತ ಒದ್ದೆ ನೆಲದಲ್ಲಿ ನಿಂತು ಹಿಡಿಯಬೇಡಿ.

ಅಂಗಡಿಯಲ್ಲಿ ಬಿಟ್ ಹಾಕಿಸಿ, ಆನ್ ಮಾಡಿಸಿ. ತುದಿ ತೂರಾಡುತ್ತಿದ್ದರೆ ಬೇರೆ ಪೀಸ್ ಕೇಳಿ. ಮೋಟಾರಿನೊಳಗೆ ಉಜ್ಜಿಕೊಂಡು ಕರೆಂಟ್ ಕೊಡುವ ಕಾರ್ಬನ್ ಬ್ರಷ್ ಸವೆದರೆ ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿ. ಮೈಸೂರಿಗೇ ಹೋಗಬೇಕು ಅಂದರೆ ನೂರಿನ್ನೂರು ಜಾಸ್ತಿ ಕೊಟ್ಟಾದರೂ ಇಲ್ಲೇ ಬಿಡಿಭಾಗ ಸಿಗುವ ಕಂಪನಿಯದ್ದು ತೆಗೆದುಕೊಳ್ಳಿ. ವಾರಂಟಿ ಕಾರ್ಡಿಗೆ ಸೀಲ್, ತಾರೀಖು ಹಾಕಿಸುವುದನ್ನು ಮರೆಯಬೇಡಿ. ಮನೆಗೆ ತಂದ ಮೇಲೆ ಚಕ್‌ಗೆ ಎರಡು ಹನಿ ಎಣ್ಣೆ ಬಿಟ್ಟು, ಮುಚ್ಚಳ ಭದ್ರವಾಗಿರುವ ಡಬ್ಬದಲ್ಲಿಡಿ. ಜೂನ್ ಬಂದರೆ ಇಲ್ಲಿ ಬೀರುವಿನೊಳಗಿನ ಕತ್ತರಿಗೂ ತುಕ್ಕು ಬರುತ್ತದೆ.

ನಮಸ್ಕಾರ.