ಕಪ್ಪು ಕಾರಿನ ಮೇಲಿನ ಜೇಡರ ಬಲೆ

ಟಾರ್ಚ್ ಹಾಕಿದ ಕೂಡಲೇ ಬಾನೆಟ್ ಮೇಲೆ ಜೇಡರ ಬಲೆ ಎದ್ದಿತಲ್ಲ, ಇದೇ ಸ್ವರ್ಲ್ ಮಾರ್ಕ್, ಅಂದ್ರೆ ಸಣ್ಣ ಗೀರುಗಳ ಗುಂಪು. ಇದನ್ನ ಮೆಷಿನ್ ಪಾಲಿಶ್‌ನಿಂದ ತೆಗೆಯೋದು ಹೇಗೆ ಅಂತ ನೋಡೋಣ. ಟಾರ್ಚ್ ಸರಿಸಿ ನೋಡಿ, ಬಲೆಯ ನಡುಮಧ್ಯವೂ ಜೊತೆಗೇ ಸರಿಯುತ್ತೆ. ಯಾಕಂದ್ರೆ ಗೀರುಗಳು ದುಂಡಗಿಲ್ಲ, ಎಲ್ಲ ದಿಕ್ಕಿಗೂ ಇವೆ. ಬೆಳಕಿಗೆ ಅಡ್ಡವಾಗಿ ಬಿದ್ದವು ಮಾತ್ರ ಹೊಳೆಯೋದರಿಂದ ಸುತ್ತು ಸುತ್ತಾಗಿ ಕಾಣುತ್ತೆ. ಬಿಳಿ ಕಾರಲ್ಲೂ ಇಷ್ಟೇ ಗೀರು ಇರಬಹುದು, ಕಣ್ಣಿಗೆ ಬೀಳಲ್ಲ ಅಷ್ಟೆ.

ಗೀರು ಇರೋದು ಬಣ್ಣದ ಮೇಲಿರೋ ಪಾರದರ್ಶಕ ಪದರದಲ್ಲಿ, ಅಂದ್ರೆ ಕ್ಲಿಯರ್ ಕೋಟ್‌ನಲ್ಲಿ. ಅದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್. ಜೆರಾಕ್ಸ್ ಹಾಳೆಯ ಅರ್ಧದಷ್ಟೂ ಇರಲ್ಲ ಅಂದ್ಕೊಳ್ಳಿ. ಪಾಲಿಶ್ ಗೀರನ್ನ ತುಂಬಲ್ಲ, ಸುತ್ತಲಿನ ಪದರವನ್ನ ಗೀರಿನ ತಳದವರೆಗೆ ಸವೆಸುತ್ತೆ. ಹಾಗಾಗಿ ಉಗುರಿಗೆ ಸಿಕ್ಕೋ ಗೀರಿನ ಬೆನ್ನು ಹತ್ತಬೇಡಿ. ಅದು ಹೋಗೋ ಹೊತ್ತಿಗೆ ಕ್ಲಿಯರ್ ಕೋಟೂ ಹೋಗಿರುತ್ತೆ.

ಮೊದಲು ಶಾಂಪೂ ಹಾಕಿ ತೊಳೆಯಿರಿ. ಆಮೇಲೆ ಜಾರಿಕೆಗೆ ಲೂಬ್ರಿಕೆಂಟ್ ಚಿಮುಕಿಸಿ ಕ್ಲೇ ಬಾರ್ ಆಡಿಸಿ, ಅಂಟಿಕೊಂಡ ಕಣಗಳನ್ನ ಎತ್ತೋ ಜೇಡಿಯಂಥ ಮೆತ್ತನೆ ಉಂಡೆ ಅದು. ಅಂಗೈಗೆ ಮರಳು ಮರಳಾಗಿ ಸಿಗೋ ಕಣ ಉಳಿದ್ರೆ ಪಾಲಿಶ್ ಮೆಷಿನ್ನಿನ ಪ್ಯಾಡ್ ಅದನ್ನೇ ಎಳೆದುಕೊಂಡು ಹೊಸ ಗೀರು ಹಾಕುತ್ತೆ. ಕಪ್ಪು ಪ್ಲಾಸ್ಟಿಕ್, ರಬ್ಬರ್, ಬಾನೆಟ್ಟಿನ ಚೂಪು ಅಂಚಿಗೆಲ್ಲ ಮಾಸ್ಕಿಂಗ್ ಟೇಪ್. ಅಂಚಲ್ಲಿ ಪದರ ತೆಳು, ಒತ್ತಡ ಜಾಸ್ತಿ. ಬಣ್ಣ ಸವೆದು ಹೋಗೋದು ಬಹುತೇಕ ಅಲ್ಲೇ. ಕೆಲಸ ನೆರಳಲ್ಲೇ, ತಗಡು ತಣ್ಣಗಿದ್ದಾಗಲೇ.

ಮೆಷಿನ್ ಡ್ಯುಯಲ್ ಆಕ್ಷನ್ ಇರಲಿ, ಅಂದ್ರೆ ಪ್ಯಾಡ್ ತಿರುಗೋ ಜೊತೆಗೆ ಓಲಾಡೋದು. ರೋಟರಿ ಒಂದೇ ಕಡೆ ಗಿರ್ರನೆ ತಿರುಗಿ ಬೇಗ ಬಿಸಿ ಮಾಡುತ್ತೆ. ಕೈ ಪಳಗದಿದ್ರೆ ಕಪ್ಪಿನ ಮೇಲೆ ಹೊಲೋಗ್ರಾಮ್, ಅಂದ್ರೆ ಬಿಸಿಲಲ್ಲಿ ಕಾಣೋ ಪಾಲಿಶ್ ಗೆರೆಗಳು, ಉಳಿಯುತ್ತೆ.

ಈಗ ಟೆಸ್ಟ್ ಸ್ಪಾಟ್, ಅಂದ್ರೆ ಮೊದಲು ಪ್ರಯೋಗ ಮಾಡಿ ನೋಡೋ ಜಾಗ. ಒಂದೂವರೆ ಅಡಿ ಚೌಕ, ಅಷ್ಟೇ. ಶುರು ಮೆತ್ತನೆ ಫೋಮ್ ಪ್ಯಾಡ್, ನಯವಾದ ಪಾಲಿಶ್‌ನಿಂದ. ಸಾಲದಿದ್ರೆ ಮಾತ್ರ ಗಟ್ಟಿ ಪ್ಯಾಡ್, ಅದಕ್ಕೂ ಬಗ್ಗದಿದ್ರೆ ಕಾಂಪೌಂಡ್, ಅಂದ್ರೆ ಹೆಚ್ಚು ಸವೆಸೋ ಒರಟು ಪಾಲಿಶ್. ಹೊಸ ಪ್ಯಾಡಿಗೆ ಮೊದಲ ಸಲ ಮುಖವಿಡೀ ಪಾಲಿಶ್ ತೆಳುವಾಗಿ ಸವರಿ, ಆಮೇಲೆ ಬಟಾಣಿ ಗಾತ್ರದ ನಾಲ್ಕು ಹನಿ ಸಾಕು. ಮೆಷಿನ್ನಿನ ವೇಗದ ಗುಂಡಿ 2ರಲ್ಲಿಟ್ಟು ಹರಡಿ, 4 ಅಥವಾ 5ಕ್ಕೆ ಏರಿಸಿ. ಕೈ ಸೆಕೆಂಡಿಗೆ ಒಂದು ಇಂಚು, ಅಂದ್ರೆ ಬೇಜಾರಾಗೋಷ್ಟು ನಿಧಾನ. ಒಂದು ಸಾಲಿನ ಅರ್ಧ ಮೇಲೆ ಇನ್ನೊಂದು ಸಾಲು ಬರಲಿ. ಉದ್ದಕ್ಕೆ ಎರಡು ಸಲ, ಅಡ್ಡಕ್ಕೆ ಎರಡು ಸಲ.

ಪ್ಯಾಡ್ ಅಂಟಿಸೋ ಬ್ಯಾಕಿಂಗ್ ಪ್ಲೇಟ್ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಡಿ. ಗೆರೆ ಸುತ್ತೋದು ನಿಂತ್ರೆ ಪ್ಯಾಡ್ ಬರೀ ನಡುಗ್ತಿದೆ, ಸವೆಸ್ತಿಲ್ಲ ಅಂತ ಅರ್ಥ. ಒಂದೋ ಒತ್ತಿದ್ದು ಜಾಸ್ತಿ, ಇಲ್ಲಾ ಪ್ಯಾಡ್ ಓರೆಯಾಗಿದೆ.

ಒರೆಸಿದ ತಕ್ಷಣ ಕನ್ನಡಿ ಥರ ಕಂಡ್ರೆ ನಂಬಬೇಡಿ. ಪಾಲಿಶ್‌ನ ಎಣ್ಣೆ ಗೀರಲ್ಲಿ ಕೂತು ಮುಚ್ಚಿರುತ್ತೆ, ನಾಲ್ಕು ವಾಶ್ ಆದ್ಮೇಲೆ ಬಲೆ ವಾಪಸ್. ನೀರಲ್ಲಿ ಶೇಕಡ 10ರಿಂದ 15ರಷ್ಟು ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ ಚಿಮುಕಿಸಿ, ಒರೆಸಿ, ಆಮೇಲೆ ಟಾರ್ಚ್ ಹಿಡೀರಿ.

ಕಪ್ಪು ಕಾರಿನ ನಿಜವಾದ ತಲೆನೋವು ಇಲ್ಲಿಂದ ಶುರು. ಬಲೆ ಹೋಗಿರುತ್ತೆ, ಜಾಗ ಮಾತ್ರ ಬೂದು ಬೂದಾಗಿ ಮಂಕು. ಕಾಂಪೌಂಡೂ ಗಟ್ಟಿ ಪ್ಯಾಡೂ ಬಿಟ್ಟ ತೀರಾ ಸಣ್ಣ ಗೀರುಗಳು ಇವು. ಅದೇ ಪ್ಯಾಡಲ್ಲಿ ಇನ್ನಷ್ಟು ಉಜ್ಜಿದ್ರೆ ಮಂಕು ಹೆಚ್ಚುತ್ತೆ ಹೊರತು ಕರಗಲ್ಲ. ಬೇರೆ ಶುಚಿಯಾದ ಫಿನಿಶಿಂಗ್ ಪ್ಯಾಡ್, ಫಿನಿಶಿಂಗ್ ಪಾಲಿಶ್, ವೇಗ 3ರಿಂದ 4, ಒತ್ತಡ ಮೆಷಿನ್ನಿನ ತೂಕ ಮಾತ್ರ. ಆದ್ರೂ ಮಂಕು ಹೋಗಲಿಲ್ವಾ? ಪಾಲಿಶ್ ಬದಲಿಸೋ ಮುಂಚೆ ಪ್ಯಾಡ್ ಬದಲಿಸಿ. ಒದ್ದೆಯಾಗಿ ಜೋತುಬಿದ್ದ ಪ್ಯಾಡೇ ಹೆಚ್ಚು ಸಲ ಕಳ್ಳ. ಪ್ರತಿ ಚೌಕ ಮುಗಿದ್ಮೇಲೆ ಬ್ರಷ್ ಆಡಿಸಿ, ಅರ್ಧ ಕಾರು ಮುಗಿದ್ಮೇಲೆ ಹೊಸ ಪ್ಯಾಡ್ ಹಾಕಿ.

ಟೆಸ್ಟ್ ಸ್ಪಾಟ್ ಒಪ್ಪಿದ್ರೆ ಅದೇ ಪ್ಯಾಡ್-ಪಾಲಿಶ್ ಜೋಡಿ ಇಡೀ ಕಾರಿಗೆ. ಬಂಪರ್‌ನಲ್ಲಿ ಮಾತ್ರ ಒಂದೇ ಜಾಗದಲ್ಲಿ ನಿಲ್ಲಬೇಡಿ. ಪ್ಲಾಸ್ಟಿಕ್‌ಗೆ ಶಾಖ ತಗಡಿನ ಹಾಗೆ ಹರಡಲ್ಲ, ಬೇಗ ಸುಡುತ್ತೆ.

ಕೊನೆಗೆ ರಕ್ಷಣೆಗೆ ವ್ಯಾಕ್ಸ್ ಅಥವಾ ಸೀಲಂಟ್, ತೆಳುವಾಗಿ. ತೆಗೆಯೋಕೆ ಲೇಬಲ್ ಕತ್ತರಿಸಿದ ಮೈಕ್ರೋಫೈಬರ್ ಬಟ್ಟೆ. ಅದು ಒಮ್ಮೆ ಕೈಜಾರಿ ನೆಲಕ್ಕೆ ಬಿತ್ತೋ, ಈ ಕೆಲಸಕ್ಕೆ ಮತ್ತೆ ಬೇಡ. ಚಕ್ರ ಒರೆಸೋಕೆ ಇಟ್ಕೊಳ್ಳಿ.